ಕೂಗು ಕೇಳದ ಹೊಲ

ಮಸೂತಿ
ಡಿಸೆಂಬರ್ ೨೨, ಸೋಮವಾರ

ಪ್ರೀತಿಯ ದಾನೂ,

ನೆಗಡಿ ಕಡಿಮೆಯಾಯಿತೆ? ಕಾರವಾರದ ಗಾಳಿ ನಿನ್ನ ಮೂಗಿಗೆ ಇನ್ನೂ ಒಗ್ಗಿದ ಹಾಗಿಲ್ಲ. ಊರಿಗೆಲ್ಲ ಔಷಧ ಕೊಡುವ ನರ್ಸಮ್ಮ ತಾನು ಮಾತ್ರ ಒಂದು ಗುಳಿಗೆ ನುಂಗುವುದಿಲ್ಲ ಎಂಬುದು ನನಗೆ ಗೊತ್ತಿದ್ದದ್ದೇ. ರಾತ್ರಿ ಪಾಳಿ ಇದ್ದ ದಿನ ಕಿವಿಗೆ ಸ್ಕಾರ್ಫ್ ಕಟ್ಟಿಕೊ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಮುಗಿದಿದ್ದರೆ ತಿಳಿಸು, ನಿಮ್ಮವ್ವ ಹೊಸದಾಗಿ ಕುಟ್ಟಿಟ್ಟಿದ್ದಾರೆ. ಅವರು ಚೆನ್ನಾಗಿದ್ದಾರೆ, ಮೊಣಕಾಲು ನೋವು ಎಂದಿನಷ್ಟೇ. ನನ್ನ ಆರೋಗ್ಯ ಕೇಳಬೇಡ. ಮೈಗೆ ಏನೂ ಆಗಿಲ್ಲ.

ಕೈಯಲ್ಲಿ ಫೋನ್ ಇಟ್ಟುಕೊಂಡು ಈ ಮನುಷ್ಯ ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದು ನೀನು ಆಗಲೇ ಹುಬ್ಬು ಗಂಟಿಕ್ಕಿರುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿಗೆ ಸುಳ್ಳು ಬರುತ್ತದೆ, ಅದಕ್ಕೆ. ಶುಕ್ರವಾರ ಸಂಜೆ ನೀನು ವಾರ್ಡಿನಿಂದಲೇ ಫೋನ್ ಮಾಡಿ ‘ಚರಗ ಹೆಂಗಾತ್ರಿ?’ ಎಂದು ಕೇಳಿದೆ. ನಾನು ‘ಭಾಳ ಚಂದ ಆತು’ ಎಂದೆ. ಶ್ರಾವಣದಲ್ಲಿ ನಿಮ್ಮಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಎಳ್ಳಮಾವಾಸ್ಯೆ ಅದು. ನಿನಗೆ ರಜೆ ಸಿಗಲಿಲ್ಲವೆಂದು ಹೊಲಕ್ಕೆ ಮೊದಲ ತುತ್ತು ಚೆಲ್ಲುವ ಆ ಕೆಲಸವನ್ನು ನನಗೆ ಒಪ್ಪಿಸಿದ್ದೆ. ‘ರೀ, ಮೊದಲ ಚರಗ, ಆಮ್ಯಾಲ ನಿಮ್ಮ ಮಂದಿ’ ಎಂದು ಒಂದಲ್ಲ ನಾಲ್ಕು ಸಲ ಹೇಳಿದ್ದೆ. ದಾನೂ, ಚರಗ ಆಗಲಿಲ್ಲ. ಈ ಒಂದು ಸಾಲು ಬರೆಯಲು ಎರಡು ಹಾಳೆ ಹರಿದು ಎಸೆದಿದ್ದೇನೆ. ಇನ್ನು ಉಳಿದದ್ದನ್ನು ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು. ಇತಿಹಾಸ ಪಾಠ ಮಾಡುವವನಿಗೆ ನಡುವಿನಿಂದ ಹೇಳಲು ಬರುವುದಿಲ್ಲ, ಅದೂ ನಿನಗೆ ಗೊತ್ತು.

ನನ್ನ ಪ್ರವಾಸದ ಮಂದಿ ಬುಧವಾರ ಬೆಳಿಗ್ಗೆ ವಿಜಯಪುರದಲ್ಲಿ ರೈಲಿಳಿದರು. ಮೈಸೂರಿನವರು, ಬೆಂಗಳೂರಿನವರು, ಪುಣೆಯ ಒಂದು ಜೋಡಿ. ಊರುಗಳನ್ನು ಊಟದಿಂದ ಅರಿಯಬೇಕು ಎಂದು ನಾನು ಜಾಹೀರಾತಿನಲ್ಲಿ ಬರೆದದ್ದನ್ನು ನಂಬಿ ಬಂದವರು. ಅವರಿಗಾಗಿ ನಾನು ಕಾಲೇಜಿಗೆ ರಜೆ ಹಾಕಿದ್ದೆ. ನಿನಗೆ ಸಿಗದ ರಜೆ ನನಗೆ ಹೇಗೆ ಸಿಕ್ಕಿತು ನೋಡು! ಟೆಂಪೋ ಟ್ರಾವೆಲರ್ ಹತ್ತಿದ ಕೂಡಲೇ ಕೊರಳಿಗೆ ಆ ಹೊಸ ಮೈಕು ಸಿಕ್ಕಿಸಿಕೊಂಡೆ, ಸೊಂಟಕ್ಕೆ ಅದರ ಸ್ಪೀಕರ್ ಕಟ್ಟಿಕೊಂಡೆ. ಅದನ್ನು ಕಂಡಾಗಲೆಲ್ಲ ನೀನು ‘ಸಂತ್ಯಾಗ ಇಲಿ ಔಷಧ ಮಾರಾವ್ರಂಗ ಕಾಣ್ತೀರಿ’ ಎಂದು ನಗುತ್ತಿದ್ದೆ. ಆ ನಗು ಆಗ ನೆನಪಾಗಿದ್ದರೆ ಚೆನ್ನಾಗಿತ್ತು.

ಮೊದಲ ದಿನ ಇಂಡಿ. ಲಿಂಬೆ ತೋಟದೊಳಗೆ ಎಲ್ಲರನ್ನೂ ನಿಲ್ಲಿಸಿ ಎಲೆ ಹಿಸುಕಿ ಮೂಸಿಸಿದೆ. ತೋಟದವರ ಮನೆಯಲ್ಲಿ ಹಳೇ ಉಪ್ಪಿನಕಾಯಿ, ಕಪ್ಪಗಾಗಿ ಜೇನಿನಂತಾದದ್ದು, ಬಿಸಿ ರೊಟ್ಟಿಯ ಮೇಲೆ ಹಚ್ಚಿ ಕೊಟ್ಟರು. ಪುಣೆಯವನು ಮೂರನೆಯ ರೊಟ್ಟಿ ಕೇಳಿದಾಗ ನನಗೆ ನಾನೇ ಲಿಂಬೆ ಬೆಳೆದಷ್ಟು ಹೆಮ್ಮೆ. ಅಲ್ಲಿಂದ ಸಾಲೋಟಗಿ. ಸಾವಿರ ವರ್ಷದ ಹಿಂದೆ ಅಲ್ಲಿ ದೂರದೂರದಿಂದ ಬಂದ ವಿದ್ಯಾರ್ಥಿಗಳಿಗೆ ಪಾಠದ ಜೊತೆ ವಸತಿಯೂ ಇತ್ತೆಂದು ಕಲ್ಲಿನ ಮೇಲೆ ಬರೆದದ್ದನ್ನು ವಿವರಿಸಿದೆ. ಚಪ್ಪಾಳೆ ಬಿತ್ತು. ಸಂಜೆ ಸಿಂದಗಿಯ ಖಾನಾವಳಿಯಲ್ಲಿ ಝುಣಕ, ಎಣ್ಣೆಗಾಯಿ, ಮೊಸರು. ಮಂದಿ ಖಾರ ತಡೆಯಲಾರರು ಎಂದು ನಾನು ಮೊದಲೇ ಹೇಳಿ ಖಾರ ಕಡಿಮೆ ಮಾಡಿಸಿದ್ದೆ. ಖಾನಾವಳಿಯಾಕೆ ಬಡಿಸುತ್ತ, ‘ಸರ್, ಖಾರಾ ತಗದ ಮ್ಯಾಲ ಇದು ಸಿಂದಗೀದು ಹೆಂಗಾಕೈತ್ರಿ?’ ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಾತು ನನಗೆ ನಾಟಲಿಲ್ಲ.

ಮರುದಿನ ಹೂವಿನ ಹಿಪ್ಪರಗಿ ದಾಟುವಾಗ ರಸ್ತೆ ಪಕ್ಕದ ಹೊಲದಲ್ಲಿ ಕಡಲೆ ಕಾಯಿ ತುಂಬಿ ನಿಂತಿತ್ತು. ಗಾಡಿ ನಿಲ್ಲಿಸಿದೆ. ಯಾರ ಹೊಲವೋ ಏನೋ, ಹತ್ತಾರು ಕೈ ಒಮ್ಮೆಲೇ ಗಿಡ ಕಿತ್ತವು. ಹೊಲದವನು ದೂರದಿಂದ ಓಡಿ ಬಂದ. ಬೈಯುತ್ತಾನೆ ಎಂದುಕೊಂಡರೆ, ‘ತಿನ್ರಿ ತಿನ್ರಿ, ಆದ್ರ ಈ ಕಡಿ ಎಳೀದೈತಿ, ಆ ಕಡಿ ಕೀಳ್ರಿ’ ಎಂದು ತಾನೇ ಬಲಿತ ಗಿಡ ಕಿತ್ತು ಕೊಟ್ಟ. ನಮ್ಮ ಸೀಮೆಯ ಜನರ ದೊಡ್ಡ ಮನಸ್ಸು ಎಂದು ಮೈಕಿನಲ್ಲಿ ಹೊಗಳಿದೆ. ಕೇಳಿ ಕೀಳಬೇಕಿತ್ತು ಎಂದು ನನ್ನ ಮಂದಿಗೆ ಹೇಳಲಿಲ್ಲ. ನಾನೂ ಕೇಳಿರಲಿಲ್ಲ. ಮುದ್ದೇಬಿಹಾಳದಲ್ಲಿ ಸಂಜೆ ಮಿರ್ಚಿ ಭಜಿ, ಚುರುಮುರಿ, ಕೊನೆಗೆ ಬಾಯಿ ಸುಟ್ಟವರಿಗೆಲ್ಲ ಪೇಡೆ. ಅಷ್ಟರಲ್ಲಿ ನನಗೊಂದು ಅಭ್ಯಾಸವಾಗಿಬಿಟ್ಟಿತ್ತು ದಾನೂ. ನಾನು ‘ಶುರು ಮಾಡಿ’ ಎಂದಾಗ ಅವರು ತಿನ್ನಬೇಕು, ನಾನು ‘ಏಳಿ’ ಎಂದಾಗ ಏಳಬೇಕು, ಪ್ರತಿ ಊರೂ ನನ್ನ ಮಾತಿಗೆ ಕಾದು ನಿಂತಿದೆ ಎಂಬ ಸೊಕ್ಕು.

ಶುಕ್ರವಾರ ಅಮಾವಾಸ್ಯೆ. ಬೆಳಿಗ್ಗೆ ಬಸವನ ಬಾಗೇವಾಡಿಯಲ್ಲಿ ನಂದೀಶ್ವರನ ದರ್ಶನ ಮಾಡಿಸಿ, ಬಸವಣ್ಣನವರು ಹುಟ್ಟಿದ ಸ್ಥಳ ತೋರಿಸಿ, ದಾಸೋಹವೆಂದರೇನು ಎಂದು ಅರ್ಧ ತಾಸು ಮಾತಾಡಿದೆ. ದುಡಿದದ್ದನ್ನು ಮೊದಲು ಇನ್ನೊಬ್ಬರ ಎಲೆಗೆ ಹಾಕಿ ಆಮೇಲೆ ತಾನು ಉಣ್ಣುವುದು, ನಮ್ಮ ಕಡೆಯ ರೈತ ಇವತ್ತಿಗೂ ಅದನ್ನು ಮಣ್ಣಿಗೂ ಮಾಡುತ್ತಾನೆ, ಈಗ ಕಣ್ಣಾರೆ ನೋಡುವಿರಂತೆ ಎಂದೆ. ಮೈಸೂರಿನಿಂದ ಬಂದ ನಿವೃತ್ತ ಟೀಚರೊಬ್ಬರು ಕಣ್ಣು ಒರೆಸಿಕೊಂಡರು. ಆ ಭಾಷಣದಿಂದಲೇ ಹೊತ್ತಾಯಿತು. ಸಂಜೆಯ ರೈಲು ಹಿಡಿಸಬೇಕಿತ್ತು. ಗಡಬಡಿಸಿ ಮಸೂತಿಗೆ ಬಂದೆವು.

ನಿಮ್ಮವ್ವ ನಸುಕಿನಿಂದ ಒಲೆ ಮುಂದೆ ಇದ್ದರಂತೆ. ಮನೆಯಲ್ಲಿ ಹಬ್ಬ ಬೇಡ, ಹೊಲಕ್ಕೆ ಮಾತ್ರ ಬೇಕು ಎಂದು ನಿನ್ನ ಹತ್ತಿರ ಹೇಳಿದ್ದರಲ್ಲ, ಹಾಗೆಯೇ ಮಾಡಿದ್ದರು. ಸಜ್ಜೆ ಕಡುಬು, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಭಜ್ಜಿ ಪಲ್ಯ, ಪುಂಡಿ ಪಲ್ಯ. ಎರಡು ಬುಟ್ಟಿ. ನನ್ನ ಮಂದಿ ಬರುತ್ತಾರೆಂದು ಹಸಿರು ಅರಿವೆ ಕಟ್ಟಿದ ದೊಡ್ಡ ಬುಟ್ಟಿ. ಇನ್ನೊಂದು ಸಣ್ಣದು, ಅದಕ್ಕೆ ಬಿಳಿ ಅರಿವೆ. ನಿಮ್ಮಪ್ಪನ ಹಳೇ ಧೋತರದಿಂದ ಹರಿದು ತೊಳೆದು ಮಡಿ ಮಾಡಿದ ಅರಿವೆ ಅದು. ‘ಅಳಿಯಂದ್ರ, ಹಸರದು ಮಂದೀದು, ಬಿಳೇದು ಹೊಲದ್ದು. ಬನ್ನಿ ಗಿಡದ ನೆರಳಾಗ ಇಡ್ರಿ. ನಾ ಅಂಬಲಿ ಕೊಡಾ ಹೊತ್ತು ನಡಕೋತ ಬರ್ತೇನಿ’ ಎಂದರು. ಗಾಡಿ ಹತ್ತಿರಿ ಎಂದರೆ ಕೇಳಲಿಲ್ಲ. ಪ್ರತಿ ವರ್ಷ ನಿಮ್ಮಪ್ಪನ ಹಿಂದೆ ನಡೆದೇ ಹೋಗುತ್ತಿದ್ದರಂತೆ, ಈ ವರ್ಷವೂ ನಡೆದೇ ಬರುತ್ತೇನೆ ಎಂದರು. ಪಕ್ಕದ ಹೊಲದ ಖಾಜಾಸಾಬನ ತಾಯಿ ಪೀರಬಿಯೂ ಜೊತೆಗೆ ಹೊರಟರು.

ನಾನು ಬುಟ್ಟಿ ಎರಡನ್ನೂ ಬನ್ನಿ ಗಿಡದ ಕೆಳಗೆ ಇಟ್ಟೆ. ಪೂಜೆಯ ಐದು ಕಲ್ಲಿಗೆ ಸುಣ್ಣ ಹಚ್ಚಿ ನಿಮ್ಮವ್ವ ಮೊದಲೇ ಹೊಂದಿಸಿದ್ದರು. ಜೋಳ ಎದೆಯುದ್ದ ನಿಂತಿತ್ತು, ಚೊಲೋ ಬಂದಿದೆ ದಾನೂ, ಅದನ್ನು ಹೇಳಲು ಮರೆತೆ. ಸುತ್ತಲ ಹೊಲಗಳಲ್ಲೆಲ್ಲ ಮಂದಿ ಕಾಣುತ್ತಿದ್ದರು, ಬಣ್ಣಬಣ್ಣದ ಸೀರೆ, ಮಕ್ಕಳು, ಎತ್ತಿನ ಗಂಟೆ. ನನ್ನ ಮಂದಿ ಹಸಿದಿದ್ದರು. ನಾನು ಚರಗದ ಪಾಠ ಶುರು ಮಾಡಿದೆ. ಮೊದಲ ತುತ್ತು ಭೂಮಿಗೆ, ಬಸುರಿಗೆ ಬಯಕೆ ಊಟ ಮಾಡಿಸಿದ ಹಾಗೆ, ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ, ಅದಾಗುವವರೆಗೆ ಹೊಲದಲ್ಲಿ ಯಾರೂ ಬಾಯಿಗೆ ಹಾಕುವುದಿಲ್ಲ ಎಂದೆ. ಅಷ್ಟು ಚೆನ್ನಾಗಿ ಗೊತ್ತಿತ್ತು ನನಗೆ. ಪುಣೆಯವನು ಕ್ಯಾಮೆರಾ ತೆಗೆದು, ಆ ಬಿಳಿ ಬಟ್ಟೆಯ ಬುಟ್ಟಿ ಫೋಟೋಕ್ಕೆ ಚೆಂದ, ಒಮ್ಮೆ ತೆರೆದು ತೋರಿಸಿ ಎಂದ. ಬರೀ ಫೋಟೋ ತಾನೆ ಎಂದು ನಾನು ಗಂಟು ಬಿಚ್ಚಿದೆ. ಕಡುಬಿನ ಹಬೆ ಇನ್ನೂ ಆರಿರಲಿಲ್ಲ. ಎಳ್ಳಿನ ವಾಸನೆ ಹೊಡೆಯಿತು. ಒಬ್ಬ ಹುಡುಗಾಟಕ್ಕೆ ಒಂದು ಕಡುಬು ಎತ್ತಿಕೊಂಡು ಕಚ್ಚಿದ.

ಆಗ ‘ಬೇಡ’ ಎಂಬ ಒಂದು ಮಾತು ಸಾಕಿತ್ತು. ಅವರು ಕೆಟ್ಟವರಲ್ಲ, ಹೇಳಿದ್ದರೆ ಕೈ ಹಿಂದೆ ತೆಗೆಯುತ್ತಿದ್ದರು, ಕ್ಷಮಿಸಿ ಎನ್ನುತ್ತಿದ್ದರು. ನನಗೆ ಆ ಮಾತು ಬರಲಿಲ್ಲ. ಅವರ ಮುಖ ಬಾಡೀತು, ಪ್ರವಾಸದ ಬಗ್ಗೆ ನಾಳೆ ಒಳ್ಳೆಯದು ಬರೆಯಲಿಕ್ಕಿಲ್ಲ ಎಂದು ಹೆದರಿದೆ. ಹೆದರಿ ನಕ್ಕೆ. ನನ್ನ ನಗು ನೋಡಿ ಇನ್ನೊಂದು ಕೈ ಬಂತು, ಮತ್ತೊಂದು ಬಂತು. ಟೀಚರಮ್ಮ ಮಾತ್ರ ಹೋಳಿಗೆ ಕೈಯಲ್ಲಿ ಹಿಡಿದು, ‘ಸಾರ್, ಭೂಮಿಗೆ ಹಾಕಿ ಆಯ್ತಾ?’ ಎಂದು ಕೇಳಿದರು. ನಾನು ‘ಆಗಿದೆ ಮೇಡಂ, ಬೆಳಿಗ್ಗೆನೇ’ ಎಂದೆ. ಆ ಮೈಕಿನಲ್ಲೇ ಎಂದೆ ದಾನೂ. ಸುಣ್ಣದ ಐದು ಕಲ್ಲು ಎದುರಿಗೇ ಇದ್ದವು.

ನಿಮ್ಮವ್ವ ಬದುವಿನ ಮೇಲೆ ಬರುವುದು ಕಂಡಾಗ ಬುಟ್ಟಿಯಲ್ಲಿ ಎರಡು ಹೋಳಿಗೆಯೋ ಏನೋ ಉಳಿದಿದ್ದವು. ತಲೆಯ ಮೇಲೆ ಕೊಡ, ಕೈಯಲ್ಲಿ ತೆಂಗಿನಕಾಯಿ, ಹಿಂದೆ ಪೀರಬಿ. ಅವರು ಕೊಡ ಇಳಿಸಿದರು. ಬುಟ್ಟಿ ನೋಡಿದರು. ನನ್ನ ಕಡೆ ನೋಡಲಿಲ್ಲ. ಕೆಳಗೆ ಬಿದ್ದಿದ್ದ ಬಿಳಿ ಅರಿವೆಯನ್ನು ಎತ್ತಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಹಸಿರು ಅರಿವೆ ಬಿಚ್ಚಿ, ‘ಕೂಡ್ರಿ, ನಿಂತ ತಿಂದ್ರ ಹೊಟ್ಟಿ ತುಂಬೂದಿಲ್ಲ’ ಎಂದು ನನ್ನ ಮಂದಿಯನ್ನು ಸಾಲಾಗಿ ಕೂರಿಸಿ ಬಡಿಸತೊಡಗಿದರು. ನಾನು ಹತ್ತಿರ ಹೋಗಿ, ಅತ್ತೀ, ಈ ಹಸಿರು ಅರಿವೆಯ ಬುಟ್ಟಿಯದ್ದೇ ಈಗ ಚೆಲ್ಲಿ ಬರ್ತೇನಿ ಎಂದು ಮೆಲ್ಲಗೆ ಹೇಳಿದೆ. ‘ಮಂದಿ ಉಂಡ ಮ್ಯಾಲ ಉಳಿದದ್ದು ಭೂಮಿಗಿ ಹಾಕೂದ್ಯಾಕ್ರಿ? ಬಿಡ್ರಿ’ ಎಂದರು. ಸಿಟ್ಟಿನ ದನಿಯಲ್ಲ. ಸಿಟ್ಟು ಮಾಡಿದ್ದರೆ ಕಾಲು ಹಿಡಿಯಬಹುದಿತ್ತು.

ಇಷ್ಟೇ ಆಗಿದ್ದರೆ ನಾನು ಮತ್ತು ನಿಮ್ಮವ್ವ, ನಮ್ಮಿಬ್ಬರ ನಡುವಿನ ಮಾತಾಗುತ್ತಿತ್ತು. ಅಷ್ಟರಲ್ಲಿ ಖಾಜಾಸಾಬ ಬದು ದಾಟಿ ಬಂದ. ‘ಕಾಕೀ, ಕಾಕಾನ ಹೊಲದಾಗಿಂದ ಇನ್ನೂ ಕೂಗ ಕೇಳ್ಲಿಲ್ಲಲಾ? ನಾವೆಲ್ಲಾ ಕುಂತೇವಿ’ ಎಂದ. ಆಗ ಸುತ್ತ ನೋಡಿದೆ. ಖಾಜಾಸಾಬನ ಹೊಲದಲ್ಲಿ ಬುಟ್ಟಿ ಕಟ್ಟಿದ ಹಾಗೇ ಇತ್ತು. ಆಚೆಯ ಹೊಲದವರೂ ಗಂಟು ಮುಂದಿಟ್ಟುಕೊಂಡು ನಮ್ಮ ಕಡೆಯೇ ನೋಡುತ್ತಿದ್ದರು. ಆ ಸಾಲಿನ ಹೊಲದಲ್ಲೆಲ್ಲ ಮೊದಲ ಕೂಗು ನಿಮ್ಮಪ್ಪನದು, ಅದು ಕೇಳಿದ ಮೇಲೆಯೇ ಉಳಿದವರು ಚರಗ ಚೆಲ್ಲುವುದು. ಹಿರಿಯರು ಹೋದರೂ ಹೊಲ ಅವರದ್ದೇ ಅಲ್ಲವೆ, ಕೂಗು ಬಂದೇ ಬರುತ್ತದೆ ಎಂದು ಅವರೆಲ್ಲ ಬಿಸಿಲಲ್ಲಿ, ಹಸಿದ ಮಕ್ಕಳನ್ನು ಸುಮ್ಮನಿರಿಸಿಕೊಂಡು ಕಾದಿದ್ದರು. ಅವರಿಗೆ ನಮ್ಮ ಹೊಲದಿಂದ ಕೇಳಿದ್ದು ನನ್ನ ಮಂದಿಯ ನಗು, ನನ್ನ ಮೈಕಿನ ಭಾಷಣ. ಈ ಸಂಪ್ರದಾಯ ನೀನು ನನಗೆ ಹೇಳಿರಲಿಲ್ಲ ಎಂದು ತಪ್ಪಿಸಿಕೊಳ್ಳಬಹುದು. ಮದುವೆಯಾದ ಮೇಲೆ ಎಷ್ಟು ಎಳ್ಳಮಾವಾಸ್ಯೆಗೆ ಬಂದು ಉಂಡು ಹೋಗಿದ್ದೇನೆ, ಯಾವಾಗಲೂ ಹೋಳಿಗೆ ಬಡಿಸುವ ಹೊತ್ತಿಗೆ ಬಂದವನು, ಕೂಗು ಕೇಳಲು ಯಾವತ್ತೂ ಬಂದಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ನಿಮ್ಮವ್ವ, ‘ಕೂಗಾತು ಖಾಜಾಸಾಬ. ಅಳಿಯಂದ್ರ ದನಿ ಸಣ್ಣದು, ನಿಮಗ ಕೇಳ್ಸಿಲ್ಲ. ನೀ ಸುರು ಮಾಡಪಾ, ಹುಡುಗುರು ಹಸದಾವು’ ಎಂದರು. ಸೊಂಟದಲ್ಲಿ ಸ್ಪೀಕರ್ ಕಟ್ಟಿಕೊಂಡು ನಿಂತವನ ದನಿ ಸಣ್ಣದು! ಖಾಜಾಸಾಬ ನನ್ನ ಮೈಕು ನೋಡಿದ, ಬರಿದಾದ ಬುಟ್ಟಿ ನೋಡಿದ, ‘ಹೂಂನ ಕಾಕಿ, ಗಾಳಿ ಆ ಕಡಿ ಐತಿ’ ಎಂದು ಹೊರಟುಹೋದ. ಸ್ವಲ್ಪ ಹೊತ್ತಿಗೆ ಅವನ ಹೊಲದಿಂದ ಕೂಗು ಎದ್ದಿತು, ಅದನ್ನು ಹಿಡಿದು ಆಚೆಯ ಹೊಲದಿಂದ, ಅದರಾಚೆಯಿಂದ. ನನ್ನ ಮಂದಿ ಎದ್ದು ವಿಡಿಯೋ ಮಾಡಿಕೊಂಡರು. ನಮ್ಮ ಹೊಲವೊಂದು ಸುಮ್ಮನೆ ಇತ್ತು. ನಾಚಿಕೆಯಿಂದ ಮೈ ಸುಡುವುದು ಎಂದು ಜನ ಅನ್ನುತ್ತಾರಲ್ಲ, ನನಗೆ ಚಳಿ ಬಂದ ಹಾಗಾಯಿತು.

ಅವರನ್ನೆಲ್ಲ ವಿಜಯಪುರದಲ್ಲಿ ರೈಲು ಹತ್ತಿಸಿದೆ. ಟೀಚರಮ್ಮ ಕೈ ಮುಗಿದು, ಇಂಥ ದಿನ ನಮ್ಮನ್ನು ಕರೆದುಕೊಂಡು ಹೋದದ್ದಕ್ಕೆ ಎಂದೇನೋ ಹೇಳಿದರು, ನನಗೆ ತಲೆ ಎತ್ತಲಾಗಲಿಲ್ಲ. ನೀನು ಫೋನ್ ಮಾಡಿದಾಗ ನಾನು ಇನ್ನೂ ಸ್ಟೇಷನ್ನಿನಲ್ಲೇ ಇದ್ದೆ. ಸುಳ್ಳು ಹೇಳಿ ಮುಗಿಸಿ, ಮನೆಗೆ ಹೋಗಲು ಮನಸ್ಸಾಗದೆ ಮಸೂತಿಗೇ ವಾಪಸು ಬಂದೆ. ನಿಮ್ಮವ್ವ ಬಾಗಿಲಲ್ಲಿ ತಂಬಿಗೆ ನೀರು ಕೊಟ್ಟರು, ತಾಟು ಇಟ್ಟರು, ‘ತುಪ್ಪ ಹಾಕ್ಲ್ಯಾ?’ ಎಂದು ಕೇಳಿದರು. ಅಷ್ಟರಲ್ಲಿ ನೀನು ಅವರಿಗೂ ಫೋನ್ ಮಾಡಿದೆ. ನನ್ನ ಎದುರಿಗೇ, ‘ಅಳಿಯಂದ್ರು ಭಾಳ ಚಂದ ಮಾಡಿದ್ರವಾ. ನಿಮ್ಮಪ್ಪನಂಗ ಕೂಗಿದ್ರು’ ಎಂದರು. ನಾನು ತಾಟು ಬದಿಗೆ ಸರಿಸಿದೆ. ಮಗಳ ಮುಂದೆ ಅಳಿಯನ ಮಾನ ಉಳಿಯಲಿ ಎಂದು ಅವರು ತಮ್ಮ ಗಂಡನ ಹೆಸರಿನ ಮೇಲೆ ಸುಳ್ಳು ಹೇಳಿದರು, ಹೇಳಿಸಿದವನು ನಾನು.

ಆದರೂ ನಾನು ಸುಮ್ಮನಿದ್ದುಬಿಡುತ್ತಿದ್ದೆನೇನೋ. ನನ್ನ ಹೇಡಿತನ ನಿನಗೆ ಹೊಸದಲ್ಲ. ನಿನ್ನೆ ಪುಣೆಯವನು ನಮ್ಮ ಪ್ರವಾಸದ ಆನ್‌ಲೈನ್ ಪುಟದಲ್ಲಿ ಫೋಟೋ ಹಾಕಿದ್ದಾನೆ. ನಾನು ಬಿಳಿ ಅರಿವೆ ಸರಿಸಿ ಬುಟ್ಟಿ ತೋರಿಸುತ್ತ ನಗುತ್ತಿರುವ ಫೋಟೋ. ಅದರ ಕೆಳಗೆ ನೀನು ಬರೆದಿದ್ದೀಯ, ‘ಅಪ್ಪ ನೋಡಿದ್ದರೆ ಖುಷಿ ಪಡುತ್ತಿದ್ದ’ ಎಂದು. ನಿಮ್ಮಪ್ಪನ ಧೋತರದ ಅಂಚು ನಿನಗೆ ಗುರುತು ಸಿಕ್ಕಿಲ್ಲ. ಅದನ್ನು ಓದಿದ ಮೇಲೆ ನನ್ನಿಂದ ಆಗಲಿಲ್ಲ. ಫೋಟೋ ತೆಗೆದುಹಾಕಲು ಅವನಿಗೆ ಹೇಳಿದ್ದೇನೆ, ಕಾರಣವನ್ನೂ ಹೇಳಿದ್ದೇನೆ. ಟೀಚರಮ್ಮನಿಗೂ ಫೋನ್ ಮಾಡಿ, ಆ ದಿನ ಭೂಮಿಗೆ ಹಾಕಿರಲಿಲ್ಲ ಎಂದು ಹೇಳಿದೆ. ಆಕೆ ‘ನಮ್ಮ ಕೈಲಿ ತಿನ್ನಿಸಿಬಿಟ್ರಲ್ಲ ಸಾರ್’ ಎಂದರು. ಖಾಜಾಸಾಬನ ಹೊಲಕ್ಕೆ ಹೋಗಿ ಅವನಿಗೂ ಹೇಳಿದೆ. ಅವನು, ‘ಗೊತ್ತೈತಿ ಬಿಡ್ರಿ, ಕುಂಡ್ರಿ, ಚಹಾ ಕುಡೀರಿ’ ಎಂದ. ಉಳಿದವಳು ನೀನು, ಎಲ್ಲರಿಗಿಂತ ಮೊದಲು ಹೇಳಬೇಕಾದವಳು.

ನಿಮ್ಮವ್ವ ದಿನವೂ ರೊಟ್ಟಿ ಮಜ್ಜಿಗೆ ಉಣ್ಣುತ್ತಿದ್ದಾರೆ, ಗಾಬರಿಯಾಗಬೇಡ. ಆದರೆ ಹಬ್ಬದ ಅಡಿಗೆಯ ಒಂದು ತುತ್ತೂ ಅವರ ಬಾಯಿಗೆ ಹೋಗಿಲ್ಲ. ಉಳಿದ ಹೋಳಿಗೆಯನ್ನೆಲ್ಲ ಓಣಿಗೆ ಹಂಚಿದರು. ಕೇಳಿದರೆ, ‘ಹೊಲ ಉಣ್ಣಲಾರದ ನಾ ಹೆಂಗ ಉಣ್ಣಲ್ರಿ’ ಎಂದರು. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಬೈಯುವುದಿದ್ದರೆ ಬೈ, ಒಂದು ತಿಂಗಳು ಮಾತು ಬಿಡುವುದಿದ್ದರೆ ಬಿಡು. ಬಿಸಿ ನೀರು ಕುಡಿ, ಕಿವಿಗೆ ಗಾಳಿ ತಾಗಿಸಬೇಡ. ನಿನ್ನ ಜೊತೆಯ ಸಿಸ್ಟರುಗಳಿಗೆಲ್ಲ ನನ್ನ ನಮಸ್ಕಾರ ತಿಳಿಸು. ನಿನಗೆ ಏನು ತಿಳಿಸಬೇಕೋ ನನಗೆ ತೋಚುತ್ತಿಲ್ಲ.

ನಿನ್ನ,
ಪ್ರೇಮಕುಮಾರ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇವತ್ತು ಬೆಳಿಗ್ಗೆ ನಿಮ್ಮವ್ವ ಸಜ್ಜೆ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದರು. ಆ ಬಿಳಿ ಅರಿವೆ ಒಗೆದು ಹಗ್ಗದ ಮೇಲೆ ಹಾಕಿದ್ದಾರೆ. ಅತ್ತೀ, ಏನಿದೆ ಎಂದು ಕೇಳಿದರೆ, ‘ಬನದ ಹುಣ್ಣಿವಿ ಮುಂದಿನ ವಾರ ಶನಿವಾರ ಬರ್ತೈತಲ್ರಿ’ ಎಂದರು. ತಪ್ಪಿದ ಚರಗವನ್ನು ಆ ದಿನ ಚೆಲ್ಲಬೇಕೆಂದು ಅವರ ಮನಸ್ಸು. ಈ ಸಲವಾದರೂ ನಾನು ಸರಿಯಾಗಿ ಚೆಲ್ಲುತ್ತೇನೆ ಎಂದೆ. ‘ಬಿಡ್ರಿ’ ಎಂದರು. ಹಗ್ಗದ ಮೇಲಿನ ಅರಿವೆಯ ಸುಕ್ಕು ಬಿಡಿಸುತ್ತ, ನನ್ನ ಕಡೆ ನೋಡದೆ, ‘ಕಾರವಾರದ ಬಸ್ಸು ಎಷ್ಟಕ್ಕ ಬರ್ತೈತ್ರಿ? ಅಪ್ಪನ ಹೊಲಕ್ಕ ಮಗಳು ಕೂಗಿದ್ರ ಭೂಮಿ ಬ್ಯಾಡ ಅಂತೈತೇನು?’ ಎಂದರು. ನಿನಗೆ ಹೇಳು ಎಂದು ಅವರು ಹೇಳಿಲ್ಲ, ಹೇಳುವುದೂ ಇಲ್ಲ. ಕಾಲು ಹಿಡಿದಾದರೂ ರಜೆ ಕೇಳು, ಬಾ. ಖಾಜಾಸಾಬನಿಗೆ ಹೇಳಿಟ್ಟಿದ್ದೇನೆ, ಆ ದಿನ ಅವರೆಲ್ಲ ಕೂಗು ಕೇಳಲು ಹೊಲಕ್ಕೆ ಬರುತ್ತಾರೆ. ಬುಟ್ಟಿ ನಾನು ಹೊರುತ್ತೇನೆ, ನಿಮ್ಮಿಬ್ಬರ ಹಿಂದೆ, ನಡೆದುಕೊಂಡು. ಗಂಟು ನೀನೇ ಬಿಚ್ಚು.